ತುಕ್ಕಿಗೆ ಬಿಂಬುಳಿ

ತುಕ್ಕು ಎನ್ನುವ ಮಾತನ್ನು ನನ್ನ ಬಾಯಿಗೆ ಹಾಕಿದವರು ಟೆಕ್ನೀಷಿಯನ್. ಸಕ್ಕರೆ ಕಾಯಿಲೆ ಇದ್ದವರ ಕಿಡ್ನಿ ಹೇಗೆ ನಿಧಾನಕ್ಕೆ ಕೆಡುತ್ತದೆ, ಕೆಡುವ ಮೊದಲು ರಕ್ತದಲ್ಲಿ, ಮೂತ್ರದಲ್ಲಿ ಏನೇನು ಬದಲಾಗುತ್ತದೆ ಎಂದು ನೋಡಲು ಘಟ್ಟದ ಕೆಳಗಿನ ಒಂದು ಮೆಡಿಕಲ್ ಕಾಲೇಜಿನವರು ಸಕಲೇಶಪುರದಲ್ಲಿ ಒಂದು ಕೋಣೆ ಹಿಡಿದಿದ್ದರು. ಕೋಣೆಯಲ್ಲಿ ಯಂತ್ರಗಳ ಮುಂದೆ ಕೂರುವವರು ಟೆಕ್ನೀಷಿಯನ್. ಎಸ್ಟೇಟ್ ಲೈನುಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋಗಿ ರಕ್ತ ತೆಗೆಯಲು ಒಬ್ಬ ನರ್ಸ್. ನರ್ಸ್ ಜೊತೆ ಹೋಗಿ ಜನರನ್ನು ಒಪ್ಪಿಸಿ, ತೆಗೆದದ್ದನ್ನು ಕೆಡದಂತೆ ತರಲು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮಾರನಹಳ್ಳಿ ಕಡೆಯ ಲೈನುಗಳಲ್ಲಿ ಹುಟ್ಟಿ ಬೆಳೆದವಳು, ಎಲ್ಲರ ಗುರುತು ಇರುವವಳು ಎಂಬುದೇ ನನ್ನನ್ನು ತೆಗೆದುಕೊಳ್ಳಲು ಇದ್ದ ಕಾರಣ.

ಒಪ್ಪಿಗೆ ಕಾಗದದಲ್ಲಿ ಬರೆದಿದ್ದ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದನ್ನು ಜನಕ್ಕೆ ಏನೆಂದು ಹೇಳಲಿ ಎಂದು ಟೆಕ್ನೀಷಿಯನ್ನರನ್ನೇ ಕೇಳಿದೆ. ಅವರು ಒಂದು ಗಳಿಗೆ ಯೋಚಿಸಿ, ತುಕ್ಕು ಅನ್ನು ಎಂದರು. ಸಕ್ಕರೆ ಜಾಸ್ತಿಯಾದರೆ ಮೈಯೊಳಗೆ ತುಕ್ಕು ಹಿಡಿದ ಹಾಗೆ ಆಗುತ್ತದೆ, ಅದು ಕಿಡ್ನಿಯನ್ನು ತಿನ್ನುತ್ತದೆ, ಎಷ್ಟು ತಿಂದಿದೆ ಎಂದು ನಾವು ನೋಡುತ್ತೇವೆ ಅನ್ನು, ಅವರಿಗೆ ಅಷ್ಟು ಸಾಕು ಎಂದರು.

ನಿಜಕ್ಕೂ ಅಷ್ಟು ಸಾಕಾಯಿತು. ಇಲ್ಲಿಯ ಥಂಡಿಗೆ ಕತ್ತಿಯನ್ನು ಸ್ವಲ್ಪ ದಿನ ಮೂಲೆಯಲ್ಲಿಟ್ಟರೂ ಕೆಂಪಾಗುತ್ತದೆ. ತುಕ್ಕು ಅಂದ ಕೂಡಲೇ ಎಲ್ಲರೂ ತೋಳು ಮುಂದೆ ಚಾಚಿದರು. ಸಹಿ ಬಾರದವರೂ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಕೊನೆಗೆ ಒಂದು ಎಚ್ಚರಿಕೆ ಹೇಳುವುದೂ ನನ್ನ ಕೆಲಸವಾಗಿತ್ತು: ಈ ಪರೀಕ್ಷೆ ಮುಗಿಯುವವರೆಗೆ ಸೊಪ್ಪಿನ ಕಷಾಯ, ನಾಟಿ ಔಷಧಿ ಏನನ್ನೂ ಡಾಕ್ಟರಿಗೆ ಹೇಳದೆ ತಗೋಬಾರದು. ಇದನ್ನು ಮನೆಮನೆಗೂ ಹೇಳಿದವಳು ನಾನೇ.

ಬೆಳಗಿನ ಮೊದಲ ಮೂತ್ರವೇ ಬೇಕಾಗಿದ್ದರಿಂದ ಹಿಂದಿನ ದಿನವೇ ಡಬ್ಬಿ ಹಂಚಿ ಬರುತ್ತಿದ್ದೆ. ಅದರಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವುದು. ರಕ್ತ ಖಾಲಿ ಹೊಟ್ಟೆಯಲ್ಲಿ. ಕೆಂಪು ಮುಚ್ಚಳದ ಟ್ಯೂಬು ಕ್ರಿಯಾಟಿನಿನ್ನಿಗೆ. ಅದು ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ, ರಕ್ತದಲ್ಲಿ ಅದು ಏರಿದರೆ ಸೋಸುವುದು ಕಡಿಮೆಯಾಗಿದೆ ಎಂದು ಅರ್ಥ. ನೇರಳೆ ಮುಚ್ಚಳದ್ದು ನಮ್ಮ ತುಕ್ಕಿನ ಪರೀಕ್ಷೆಗೆ. ಅದನ್ನು ತೆಗೆದ ತಕ್ಷಣ ಬೆಳಕು ತಾಗದಂತೆ ಸುತ್ತಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬೇಕು, ಅಲುಗಾಡಿಸಬಾರದು, ತಡಮಾಡದೆ ಕೋಣೆಗೆ ಮುಟ್ಟಿಸಿ ಯಂತ್ರದಲ್ಲಿ ತಿರುಗಿಸಬೇಕು. ತಿರುಗಿಸಿದರೆ ಕೆಂಪು ಕೆಳಗೆ ಕೂತು ಮೇಲೆ ಹುಲ್ಲುಬಣ್ಣದ ತಿಳಿ ನಿಲ್ಲುತ್ತದೆ. ತಿಳಿಯಲ್ಲಿ ಕೆಂಪು ಛಾಯೆ ಕಂಡರೆ ರಕ್ತದ ಕಣ ಒಡೆದಿದೆ ಎಂದು ಲೆಕ್ಕ, ಅದನ್ನು ಚೆಲ್ಲುವುದೇ.

ಮೊದಲ ದಿನ ತಂದದ್ದನ್ನೆಲ್ಲ ಚೆಲ್ಲಿದೆವು. ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು ನಮ್ಮ ಜೀಪು ಅಲ್ಲಾಡಲಿಲ್ಲ. ಕೊನೆಗೆ ರಸ್ತೆ ತೆರವಾದಾಗ ಡ್ರೈವರ್ ಹೊಂಡ ಹಳ್ಳ ನೋಡದೆ ಓಡಿಸಿದ. ತಿರುಗಿಸಿ ನೋಡಿದರೆ ಎಲ್ಲ ಟ್ಯೂಬಿನ ತಿಳಿಯೂ ಕೆಂಪಗೆ. ನರ್ಸ್ ತಲೆ ಮೇಲೆ ಕೈ ಹೊತ್ತು ಕೂತರು. ಮತ್ತೆ ಅದೇ ಮನೆಗಳಿಗೆ ಹೋಗಿ ಇನ್ನೊಂದು ಸಲ ರಕ್ತ ಕೊಡಿ ಎಂದು ಕೇಳಬೇಕಾದವಳು ನಾನು. ಆಮೇಲೆ ಪೆಟ್ಟಿಗೆಯನ್ನು ಸೀಟಿನ ಮೇಲೆ ಇಡಲೇ ಇಲ್ಲ. ಮಡಿಲಲ್ಲಿಟ್ಟುಕೊಂಡು ಎರಡು ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ನನ್ನ ಪೆಟ್ಟಿಗೆಯಿಂದ ಕೆಟ್ಟ ಟ್ಯೂಬು ಬರುವುದು ನಿಂತಿತು. ಟೆಕ್ನೀಷಿಯನ್ ಒಂದು ದಿನ, ಇವಳಿಗೆ ನಾನೇ ಟ್ರೈನಿಂಗ್ ಕೊಟ್ಟಿದ್ದು ಎಂದು ನರ್ಸ್ ಹತ್ತಿರ ಹೇಳಿದರು. ನನಗೆ ಅದು ದೊಡ್ಡ ಸರ್ಟಿಫಿಕೇಟಿನ ಹಾಗೆ ಇತ್ತು.

ತುಕ್ಕಿನ ಪರೀಕ್ಷೆ ನೋಡಲು ಚೆಂದ. ತಿಳಿಗೆ ಒಂದು ಆಮ್ಲ, ಇನ್ನೊಂದು ಔಷಧಿ ಸೇರಿಸಿ ಕುದಿನೀರಿನಲ್ಲಿ ಇಡುತ್ತಾರೆ. ಬರಬರುತ್ತ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ಹೆಚ್ಚಿದ್ದಷ್ಟೂ ಒಳಗಿನ ಹಾನಿ ಹೆಚ್ಚು. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಟ್ಯೂಬುಗಳ ನಂಬರು ನೋಡಿ ಇದು ಇಂಥವರದ್ದು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅದರಲ್ಲಿ ಒಂದು ದಾಸವಾಳದ ಹಾಗೆ ಗಾಢವಾಗಿತ್ತು. ಅದು ನನ್ನ ತಮ್ಮನದು.

ನನ್ನ ತಮ್ಮ ಮರಗಸಿ ಮಾಡುವವನು. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಇಳಿಸುವ ಕೆಲಸ. ನಮ್ಮ ಕಡೆ ಅವನಷ್ಟು ಮೇಲೆ ಹತ್ತುವವರು ಇರಲಿಲ್ಲ. ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷವಾಗಿತ್ತು, ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದ. ನನ್ನ ಬಲವಂತಕ್ಕೇ ಈ ಪರೀಕ್ಷೆಗೆ ಸೇರಿದ್ದ. ನಿನ್ನ ತುಕ್ಕು ಎಲ್ಲರಿಗಿಂತ ಜಾಸ್ತಿ ಇದೆ ಎಂದು ನಾನು ಹೇಳಬಾರದಾಗಿತ್ತು. ಹೇಳಿದೆ.

ಅವನು ಆಗ ಲೈನಿನ ಹಿಂದಿನ ಕಲ್ಲಿನ ಮೇಲೆ ಕೂತು ಕತ್ತಿ ಉಜ್ಜುತ್ತಿದ್ದ. ಅಲ್ಲಿ ಒಂದು ಬಿಂಬುಳಿ ಮರ ಇದೆ. ಘಟ್ಟದ ಕೆಳಗಿನಿಂದ ಬಂದವರು ಯಾರೋ ಹಿಂದೆ ನೆಟ್ಟದ್ದು. ಹೆಬ್ಬೆರಳು ಗಾತ್ರದ ಹಸಿರು ಕಾಯಿ, ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುತ್ತದೆ. ಬಾಯಲ್ಲಿ ಇಡಲಾಗದಷ್ಟು ಹುಳಿ. ಮೀನಿನ ಸಾರಿಗೆ ಒಂದೆರಡು ಹಾಕುತ್ತೇವೆ, ಉಳಿದದ್ದೆಲ್ಲ ಕತ್ತಿಗೆ, ಹಿತ್ತಾಳೆಗೆ. ಕಾಯಿ ಸೀಳಿ ತಿಕ್ಕಿದರೆ ಎಂಥ ತುಕ್ಕಾದರೂ ಕರಗಿ ಹೋಗುತ್ತದೆ.

“ಹಂಗಾರೆ ಇದ್ನೇ ನಾಕು ನುಂಗ್ಬುಟ್ರೆ ಆಯ್ತಲ್ಲ ಬುಡು,” ಎಂದು ಅವನು ಕೈಯಲ್ಲಿದ್ದ ಕಾಯಿ ತೋರಿಸಿದ. “ಕತ್ತಿ ಫಳಫಳ ಅಂತೈತೆ, ನಾನೂ ಫಳಫಳ ಅಂತೀನಿ.”

ಇಬ್ಬರೂ ನಕ್ಕೆವು. ಅವನು ಅಷ್ಟಕ್ಕೇ ಮರೆತ. ನಾನು ಮರೆಯಲಿಲ್ಲ. ಮರುದಿನ ಟೆಕ್ನೀಷಿಯನ್ ಕೆಲಸದಲ್ಲಿದ್ದಾಗ, ಹುಳಿ ಹಣ್ಣು ತಿಂದರೆ ಈ ತುಕ್ಕು ಕಡಿಮೆಯಾಗುತ್ತದಾ ಸಾರ್ ಎಂದು ಕೇಳಿದೆ. ಅವರು ಟ್ಯೂಬಿನಿಂದ ಕಣ್ಣು ತೆಗೆಯದೆ, ಹುಳಿ ಹಣ್ಣಿನಲ್ಲೆಲ್ಲ ತುಕ್ಕು ತಡೆಯುವ ಅಂಶ ಇರುತ್ತೆ, ನಿಂಬೆ, ನೆಲ್ಲಿ ಎಲ್ಲ ಒಳ್ಳೇದೇ ಎಂದರು. ಬಿಂಬುಳಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅದೇನು ಎಂದು ಅವರು ಕೇಳುತ್ತಿದ್ದರೋ ಏನೋ. ನನಗೆ ಬೇಕಾದ ಉತ್ತರ ಸಿಕ್ಕಿತ್ತು, ಅದನ್ನು ಕೆಡಿಸಿಕೊಳ್ಳಲು ಮನಸ್ಸಿರಲಿಲ್ಲ.

ಕಾಯಿ ಕಿತ್ತು, ಒರಳಲ್ಲಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಚೂರು ಉಪ್ಪು ಹಾಕಿ ಒಂದು ಲೋಟ ರಸವನ್ನು ನಾನೇ ಅವನ ಕೈಗೆ ಕೊಟ್ಟೆ. ನೀರು ಬೆರೆಸಿದರೆ ಗುಣ ಹೋಗುತ್ತದೆ ಎಂದುಕೊಂಡು ನೀರೂ ಸೇರಿಸಲಿಲ್ಲ. ಅವನು ಮುಖ ಕಿವುಚಿ ಕುಡಿದ. ಮಾರನೆಯ ದಿನದಿಂದ ಅವನ ಹೆಂಡತಿ ಮಾಡಿಕೊಡತೊಡಗಿದಳು, ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಖಾಲಿ ಹೊಟ್ಟೆಗೆ. ಯಾರಿಗೂ ಹೇಳಬೇಡಿ ಎಂದು ಇಬ್ಬರಿಗೂ ಹೇಳಿದೆ. ಗೊತ್ತಾದರೆ ಪರೀಕ್ಷೆಯಿಂದ ಅವನನ್ನು ತೆಗೆದುಹಾಕುತ್ತಾರೆ, ಪರೀಕ್ಷೆಗೆ ಸೇರಿದವರಿಗೆ ಬಿಟ್ಟಿ ಸಿಗುವ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲುತ್ತದೆ ಎಂದೆ. ನನ್ನ ಕೆಲಸವೂ ಹೋಗುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡೆ.

ಕೆಲವು ವಾರಕ್ಕೊಮ್ಮೆ ಅದೇ ಜನರ ರಕ್ತ ಮತ್ತೆ ತೆಗೆಯುತ್ತಿದ್ದೆವು. ಎರಡನೇ ಸುತ್ತಿನ ರಕ್ತ ತೆಗೆದಾಗ ಕುದಿನೀರಿನ ಪಕ್ಕ ಬೇಕೆಂದೇ ನಿಂತಿದ್ದೆ. ತಮ್ಮನ ಟ್ಯೂಬು ಈ ಸಲ ತೆಳು ಗುಲಾಬಿ. ಒಗೆದು ಒಗೆದು ಮಾಸಿದ ಸೀರೆಯ ಬಣ್ಣ. ನನಗೆ ಕುಣಿಯಬೇಕೆನಿಸಿತು. ಕ್ರಿಯಾಟಿನಿನ್ ಏನಾಗಿದೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಆ ಉತ್ತರಗಳು ಕಂಪ್ಯೂಟರಿಗೆ ಹೋಗುತ್ತಿದ್ದವು, ಯೋಜನೆಯ ಡಾಕ್ಟರಮ್ಮ ಘಟ್ಟ ಹತ್ತಿ ಬಂದಾಗ ನೋಡುತ್ತಿದ್ದರು. ಅಂದು ಅದು ಸ್ವಲ್ಪ ಏರಿತ್ತಂತೆ, ಸಕ್ಕರೆ ಕಾಯಿಲೆಯವರಲ್ಲಿ ಏರುವಷ್ಟೇ. ನಾನು ನೋಡಿದ್ದು ಬಣ್ಣ ಮಾತ್ರ. ನೋಡಿ ನೇರ ಲೈನಿಗೆ ಹೋಗಿ, ರಸ ಕೆಲಸ ಮಾಡ್ತಾ ಇದೆ, ಸಂಜೆಗೂ ಒಂದು ಲೋಟ ಕುಡಿ ಎಂದೆ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಮೊದಲು ಬಿಕ್ಕಳಿಕೆ. ನಂತರ ಅನ್ನ ಕಂಡರೆ ವಾಂತಿ. ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಒಂದು ಬೆಳಗ್ಗೆ ತೋಟದ ಸಿಲ್ವರ್ ಓಕ್ ಮರದ ಅರ್ಧಕ್ಕೆ ಹತ್ತಿದವನು ಮರವನ್ನೇ ತಬ್ಬಿಕೊಂಡು ನಿಂತುಬಿಟ್ಟನಂತೆ. ಮೇಸ್ತ್ರಿ ಹಗ್ಗ ಕಟ್ಟಿ ಇಳಿಸಿಕೊಂಡು ಮನೆಗೆ ಕಳಿಸಿದ. ಅದೇ ವಾರ ಮೂರನೇ ಸುತ್ತು. ಡಬ್ಬಿ ತೆಗೆದುಕೊಳ್ಳಲು ಹೋದರೆ ಅದರ ತಳ ಮಾತ್ರ ನೆನೆದಿತ್ತು. ಬರ್ತಿಲ್ಲ ಅಕ್ಕ ಎಂದ. ಅಂದು ಅವನ ಕ್ರಿಯಾಟಿನಿನ್ ನೋಡಿದ ಟೆಕ್ನೀಷಿಯನ್ ಪರೀಕ್ಷೆ ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದರು. ತಪ್ಪಿರಲಿಲ್ಲ. ಫೋನು ಹೋಯಿತು, ಡಾಕ್ಟರಮ್ಮ ಮಧ್ಯಾಹ್ನಕ್ಕೆ ಬಂದರು.

ತಮ್ಮನನ್ನು ಜೀಪಿನಲ್ಲಿ ಕೋಣೆಗೆ ಕರೆತಂದಿದ್ದೆವು. ಡಾಕ್ಟರಮ್ಮ ಅವನ ಕಾಲು ಒತ್ತಿ ನೋಡಿದರು. ಒತ್ತಿದ ಗುಳಿ ಹಾಗೇ ನಿಂತಿತು. ಸಕ್ಕರೆ ಕಾಯಿಲೆ ಕಿಡ್ನಿಯನ್ನು ಇಷ್ಟು ಬೇಗ ಕೆಡಿಸುವುದಿಲ್ಲ, ಬೇರೆ ಏನೋ ಆಗಿದೆ ಎಂದರು. ನೋವಿನ ಮಾತ್ರೆ ನುಂಗಿದಿರಾ? ಇಲ್ಲ. ನಾಟಿ ಔಷಧಿ, ಕಷಾಯ, ಏನಾದರೂ?

ತಮ್ಮ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

“ಇಲ್ಲ ಮೇಡಮ್ಮೋರೆ,” ಎಂದ.

ಅವರು ನನ್ನ ಕಡೆ ತಿರುಗಿದರು. “ನೀವು ಇವರ ಅಕ್ಕ ಅಲ್ವಾ? ನಿಮಗೇನಾದ್ರೂ ಗೊತ್ತಾ?”

“ಇಲ್ಲ ಮೇಡಂ,” ಎಂದೆ. ಆ ಎರಡು ಶಬ್ದ ಹೇಳಲು ನನಗೆ ಕಷ್ಟವೇ ಆಗಲಿಲ್ಲ. ಅದು ಈಗಲೂ ನನ್ನನ್ನು ಹೆದರಿಸುತ್ತದೆ.

ಅವನನ್ನು ಆಲೂರಿನ ಮೇಲೆ ಹಾಸನದ ಆಸ್ಪತ್ರೆಗೆ ಸಾಗಿಸಿದೆವು. ಅಂದೇ ಕತ್ತಿನ ನರಕ್ಕೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಿದರು. ಕಾರಣ ಗೊತ್ತಾಗದೆ ಏನೂ ಹೇಳಲಾಗುವುದಿಲ್ಲ, ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕು, ಕಿಡ್ನಿ ವಾಪಸು ಬರದಿದ್ದರೆ ಬದುಕಿರುವವರೆಗೆ ಇದೇ ಯಂತ್ರ ಎಂದರು. ಅವನ ಹೆಂಡತಿ ವಾರ್ಡಿನ ಗೋಡೆಗೆ ಒರಗಿ, ನನಗೆ ಮಾತ್ರ ಕೇಳುವ ಹಾಗೆ, ಆ ರಸ ಏನಾದ್ರೂ ಮಾಡ್ತಾ ಅಕ್ಕ ಎಂದಳು. ಹುಳಿ ಕುಡಿದರೆ ಕಿಡ್ನಿ ಹೋಗುತ್ತದಾ ಎಂದು ಅವಳ ಮೇಲೇ ರೇಗಿದೆ.

ಆದರೆ ಮಾರನೆಯ ದಿನ ಕೋಣೆಗೆ ಹೋದವಳು ಟೆಕ್ನೀಷಿಯನ್ನರಿಗೆ ಎಲ್ಲವನ್ನೂ ಹೇಳಿದೆ. ಹೇಳಿಕೊಳ್ಳಲು ಅವರಷ್ಟು ಹತ್ತಿರದವರು ಅಲ್ಲಿ ಬೇರೆ ಇರಲಿಲ್ಲ. ಅವರು ಬಾಗಿಲು ಮುಚ್ಚಿ ಬಂದರು.

“ನಾನು ನಿಂಬೆ, ನೆಲ್ಲಿ ಅಂದೆ. ಅದೂ ಮಾತಿಗೆ ಅಂದಿದ್ದು. ರಸ ಹಿಂಡಿ ಕುಡಿಸು ಅಂತ ಹೇಳಿದ್ನಾ?”

ಬಣ್ಣ ಕಡಿಮೆ ಆಗಿತ್ತಲ್ಲ ಸಾರ್, ನಾನೇ ನೋಡಿದೆ ಎಂದೆ. ಒಂದು ದಿನದ ಬಣ್ಣವನ್ನು ಇನ್ನೊಂದು ದಿನದ ಬಣ್ಣಕ್ಕೆ ಹಿಡಿದು ನೋಡಲು ಬರುವುದಿಲ್ಲ, ಔಷಧಿಯ ಬಾಟಲಿ ಬದಲಾದರೂ ಬಣ್ಣ ಬದಲಾಗುತ್ತದೆ, ಅದಕ್ಕೇ ಪ್ರತಿ ಸಲ ಅಳತೆ ಗೊತ್ತಿರುವ ಒಂದು ಟ್ಯೂಬನ್ನು ಪಕ್ಕದಲ್ಲಿಟ್ಟು ಯಂತ್ರದಲ್ಲಿ ಓದುತ್ತೇವೆ ಎಂದರು. ಎರಡನೇ ಸುತ್ತಿನ ದಿನ ಹೊಸ ಬಾಟಲಿ ತೆರೆದಿದ್ದರಂತೆ. ಎಲ್ಲರ ಟ್ಯೂಬೂ ತೆಳುವಾಗಿಯೇ ಇದ್ದವಂತೆ. ನಾನು ತಮ್ಮನದೊಂದನ್ನೇ ನೋಡಿದ್ದೆ.

ಅವರು ಆಮೇಲೆ ದನಿ ತಗ್ಗಿಸಿ, ಮೇಡಂಗೆ ಹೇಳಬೇಡ, ಇಬ್ಬರ ಕೆಲಸವೂ ಹೋಗುತ್ತೆ, ಹೇಗೂ ಸಕ್ಕರೆ ಕಾಯಿಲೆ ಒಂದಲ್ಲ ಒಂದು ದಿನ ಅವನನ್ನು ಅಲ್ಲಿಗೇ ತರುತ್ತಿತ್ತು ಎಂದರು. ನನ್ನ ತಮ್ಮನ ಬಗ್ಗೆ ಹಾಗೆ ಅಂದದ್ದಕ್ಕೆ ನಾನು ಎದ್ದು ಹೋಗಬೇಕಾಗಿತ್ತು. ಹೋಗಲಿಲ್ಲ. ತಲೆಯಾಡಿಸಿ, ಡಬ್ಬಿಗಳ ಚೀಲ ಎತ್ತಿಕೊಂಡು ಎಂದಿನಂತೆ ಲೈನಿಗೆ ಹೊರಟೆ.

ಲೈನಿನ ಹಿಂದೆ ಹೋದಾಗ ಬಿಂಬುಳಿ ಮರದ ಕಾಂಡ ಬೋಳಾಗಿತ್ತು. ಕೈಗೆಟುಕುವ ಎತ್ತರದಲ್ಲಿ ಒಂದು ಕಾಯಿಯೂ ಇಲ್ಲ. ತಮ್ಮನ ಮನೆಗೆ ಬೀಗ ಬಿದ್ದಿತ್ತು, ಅವನ ಮನೆಯವರು ಕಿತ್ತದ್ದಲ್ಲ. ಪಕ್ಕದ ಮನೆಯಾಕೆ, ಅವಳೂ ನಮ್ಮ ಪರೀಕ್ಷೆಯಲ್ಲಿ ಇದ್ದವಳು, ಬಾಗಿಲಲ್ಲಿ ಕೂತು ಒರಳು ತೊಳೆಯುತ್ತಿದ್ದಳು. ಒರಳಿನಿಂದ ಹುಳಿ ವಾಸನೆ ಬರುತ್ತಿತ್ತು.

“ತಮ್ಮಂಗೆ ಮಾತ್ರ ಮದ್ದು ಹೇಳ್ಕೊಟ್ಟು ನಮ್ಮ ಹತ್ರ ರಕ್ತ ಮಾತ್ರ ಎಳ್ಕಂಡು ಹೋದಲ್ಲೇ,” ಎಂದಳು. “ನಿಮ್ಮೋರಿಗೊಂದು, ನಮಗೊಂದಾ? ಅವನ ಹೆಂಡ್ತಿ ಹೇಳ್ದೆ ಇದ್ದಿದ್ರೆ ನಮಗೆಲ್ಲಿ ಗೊತ್ತಾಗದು.”

ಯಾರ್‍ಯಾರು ಕುಡೀತಿದ್ದೀರಿ ಎಂದೆ. ಸಕ್ಕರೆ ಇರೋರೆಲ್ಲ ಎಂದಳು. ಮೇಲಿನ ಗೊಂಚಲು ಕೀಳಲು ಗಳ ಕಟ್ಟಿಟ್ಟಿದ್ದರು, ಅದನ್ನೂ ತೋರಿಸಿದಳು. ಅವನಿಗೇ ಅದರಿಂದ ಹೀಗಾಗಿರಬಹುದು, ನಿಲ್ಲಿಸು ಎಂದೆ. ಈಗ ಎಲ್ರಿಗೂ ಗೊತ್ತಾಯ್ತು ಅಂತ ಸಂಕಟನಾ ಎಂದು ನಕ್ಕು ಒಳಗೆ ಹೋದಳು.

ಅಲ್ಲಿಂದಲೇ ಫೋನು ಮಾಡಿದೆ. ಡಾಕ್ಟರಮ್ಮ ಎತ್ತಿದರು. ನಿಂತಲ್ಲೇ ಎಲ್ಲ ಹೇಳಿದೆ, ಬಿಂಬುಳಿ ಎಂಬ ಹೆಸರಿನಿಂದ ಶುರುಮಾಡಿ. ಅವರು ಬೈಯಲಿಲ್ಲ. ಲೋಟ ಎಷ್ಟು ದೊಡ್ಡದು, ನೀರು ಬೆರೆಸಿತ್ತಾ, ಊಟಕ್ಕೆ ಮುಂಚೆಯಾ, ಕೊನೆಯ ಸಲ ಕುಡಿದದ್ದು ಯಾವಾಗ, ಇಷ್ಟನ್ನೇ ಕೇಳಿದರು. ಆ ಕಾಯಿಯಲ್ಲಿ ಆಕ್ಸಲೇಟ್ ಎಂಬುದು ತುಂಬಾ ಇರುತ್ತದೆ, ಖಾಲಿ ಹೊಟ್ಟೆಯಲ್ಲಿ ಅಷ್ಟೊಂದು ಹೋದರೆ ಕಿಡ್ನಿಯ ಸಣ್ಣ ಸಣ್ಣ ಕೊಳವೆಗಳಲ್ಲಿ ಹರಳುಗಟ್ಟಿ ಕೂರುತ್ತದೆ, ಮೊದಲೇ ಸೊರಗಿದ ಕಿಡ್ನಿ ತಡೆಯುವುದಿಲ್ಲ ಎಂದು ವಿವರಿಸಿದರು. ಹಾಸನಕ್ಕೆ ಈಗಲೇ ತಿಳಿಸುತ್ತೇನೆ ಎಂದರು. ಕೊನೆಗೆ, “ನಿನ್ನೆ ಕೇಳಿದಾಗ ಯಾಕೆ ಹೇಳಲಿಲ್ಲ?” ಎಂದರು. ಉತ್ತರಕ್ಕೆ ಕಾಯದೆ ಫೋನು ಇಟ್ಟರು.

ಆಸ್ಪತ್ರೆಯವರು ತೆಗೆದ ಚೂರಿನಲ್ಲಿ ಆ ಹರಳುಗಳೇ ಕಂಡವು. ಏನು ಹುಡುಕಬೇಕೆಂದು ಗೊತ್ತಿದ್ದರಿಂದ ಬೇರೆ ಬಿರುಸಿನ ಔಷಧಿಗಳನ್ನು ಕೊಡುವುದು ತಪ್ಪಿತು.

ಡಾಕ್ಟರಮ್ಮ ಸಕಲೇಶಪುರಕ್ಕೆ ಬಂದು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ ಕೇಳಿದರು. ಟೆಕ್ನೀಷಿಯನ್ ನನ್ನ ಕಡೆ ನೋಡದೆ, “ಇವರು ನನ್ನನ್ನ ಏನೂ ಕೇಳೇ ಇಲ್ಲ ಮೇಡಂ” ಎಂದರು. ತುಕ್ಕು ಎನ್ನುವ ಮಾತೂ ತಮ್ಮದಲ್ಲ, ಲೈನಿನವರು ತಾವೇ ಕಟ್ಟಿಕೊಂಡದ್ದು ಎಂದರು. ಅವರಿಂದ ಆ ಮಾತು ಕೇಳಿದವಳು ನಾನೊಬ್ಬಳೇ. ಅವರ ಕೈಕೆಳಗೆ ಟ್ಯೂಬು ತೊಳೆದು, ಅವರ ಮಾತನ್ನು ಮಂತ್ರದ ಹಾಗೆ ಮನೆಮನೆಗೆ ಹೊತ್ತವಳು ನಾನು. ಜಗಳ ಕಾಯಬೇಕೆಂದು ಬಾಯಿ ತೆರೆದೆ. ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ನಾನೂ ಇಲ್ಲ ಮೇಡಂ ಅಂದಿದ್ದೆನಲ್ಲ.

ನನ್ನ ಕೆಲಸ ಹೋಯಿತು. ಹೋಗುವ ಮುಂಚೆ ಡಾಕ್ಟರಮ್ಮ ಒಂದು ಕೆಲಸ ಹಚ್ಚಿದರು. ನಾನು ಹೋದ ಪ್ರತಿ ಮನೆಗೂ ಮತ್ತೆ ಹೋಗಿ ನನ್ನ ಬಾಯಿಂದಲೇ ಹೇಳಬೇಕು, ರಸ ಕುಡಿದವರ ರಕ್ತ ಅಂದೇ ತೆಗೆಸಬೇಕು. ನರ್ಸ್ ಜೊತೆ ಬಂದರು. ತಪ್ಪು ನನ್ನದು, ನನ್ನ ತಮ್ಮ ಹಾಸನದಲ್ಲಿ ಯಂತ್ರದ ಮೇಲೆ ಇದ್ದಾನೆ ಎಂದು ಬಾಗಿಲು ಬಾಗಿಲಿಗೂ ಹೇಳಿದೆ. ಕೆಲವರು ಬೈದರು, ಕೆಲವರು ನಂಬಲಿಲ್ಲ. ಪಕ್ಕದ ಮನೆಯಾಕೆ ತೋಳು ಕೊಟ್ಟಳು, ಮಾತು ಕೊಡಲಿಲ್ಲ. ಅವಳ ಕ್ರಿಯಾಟಿನಿನ್ ಕೊಂಚ ಏರಿತ್ತು, ರಸ ಬಿಟ್ಟ ಮೇಲೆ ಇಳಿಯಿತು. ಉಳಿದವರದು ಕೆಟ್ಟಿರಲಿಲ್ಲ. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೋಣೆಗೆ ಮುಟ್ಟಿಸಿ, ನನ್ನ ಹತ್ತಿರವಿದ್ದ ಕೋಣೆಯ ಕೀಲಿಕೈ ಮೇಜಿನ ಮೇಲಿಟ್ಟು ಬಂದೆ.

ತಮ್ಮನಿಗೆ ಬಹಳ ವಾರ ಡಯಾಲಿಸಿಸ್ ನಡೆಯಿತು. ನಿಧಾನಕ್ಕೆ ಮೂತ್ರ ಬರತೊಡಗಿತು, ನಳಿಗೆ ತೆಗೆದರು. ಕಿಡ್ನಿ ಪೂರಾ ವಾಪಸು ಬರಲಿಲ್ಲ, ಬರುವುದೂ ಇಲ್ಲ. ಮರ ಹತ್ತುವುದು ಮುಗಿಯಿತು. ತೋಟದ ಸಾಹುಕಾರರು ಕಾಫಿ ಒಣಗಿಸುವ ಕಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ.

ಒಂದು ದಿನ ಅವನ ಕಾಲು ಹಿಡಿದು ಕೇಳಿಕೊಂಡೆ. ಅವನು ಕಾಲು ಎಳೆದುಕೊಂಡ.

“ರಸದ ಮಾತು ಬುಡಕ್ಕ. ನಿಂಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ. ಆವತ್ತು ಆ ಡಾಕ್ಟ್ರಮ್ಮ ಕೇಳ್ದಾಗ ನಿನ್ನ ಮುಖ ನೋಡ್ದೆ ನೋಡು.”

ನನ್ನ ಕೆಲಸ ಉಳಿಸಲು ನೀನು ಸುಳ್ಳು ಹೇಳಿದೆ ಅಂತ ನನಗೆ ಗೊತ್ತು ಕಣೋ ಎಂದೆ. ಅಷ್ಟು ದಿನ ಹಾಗೆಂದೇ ನಂಬಿದ್ದೆ.

“ನಿನ್ನ ಕೆಲ್ಸ ಯಾರಿಗೆ ಬೇಕಾಗಿತ್ತು? ಜೀವ ಹೋಗ್ತಾ ಐತೆ, ಈಗ್ಲಾದ್ರೂ ಹೇಳು ಅಂತೀಯ ಅಂತ ನೋಡ್ದೆ. ನೀನು ಕಣ್ಣು ಕೆಳಗ್ ಹಾಕ್ಬುಟ್ಟೆ.”

ಅವನು ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾನೆ, ಬಂದರೆ ಊಟ ಮಾಡು ಎನ್ನುತ್ತಾನೆ. ಹಾಸನದ ಆಸ್ಪತ್ರೆಗೆ ಹೋಗುವ ದಿನ ನಾನೂ ಜೊತೆಗೆ ಹೋಗುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಬಿಡುತ್ತಾನೆ. ಡಾಕ್ಟರ ಕೋಣೆಯ ಬಾಗಿಲಲ್ಲಿ ಅವನ ಹೆಸರು ಕರೆದಾಗ ನಾನು ಏಳುತ್ತೇನೆ, ಇಷ್ಟು ದಿನದ ಅಭ್ಯಾಸ. ಅವನು ಚೀಟಿಗಳ ಕವರನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾನೆ.

“ನೀನು ಇಲ್ಲೇ ಕೂತಿರಕ್ಕ,” ಎನ್ನುತ್ತಾನೆ. “ಕೇಳಿದ್ದಕ್ಕೆ ನಾನೇ ಹೇಳ್ಕತೀನಿ.”

ಬಾಗಿಲು ಹಾಕಿಕೊಳ್ಳುತ್ತದೆ. ನಾನು ಬೆಂಚಿನ ಮೇಲೆ ಕೂರುತ್ತೇನೆ.